ಸುಂಕ ಅಮೆರಿಕದ್ದು, ಬೀಜ ಆಫ್ರಿಕಾದ್ದು: ಕರಾವಳಿಯ ಗೇರು ಕಾರ್ಖಾನೆಯಲ್ಲಿ ಕೆಲಸ ಯಾಕೆ ಕಮ್ಮಿ?

2025ರ ಆಗಸ್ಟ್ 7ರಂದು ಭಾರತದ ಸರಕಿನ ಮೇಲೆ ಅಮೆರಿಕ ಶೇ. 25 ಹೆಚ್ಚುವರಿ ಸುಂಕ ಹಾಕಿತು. ಇಪ್ಪತ್ತು ದಿನಕ್ಕೆ ಅದು ಶೇ. 50 ಆಯಿತು. ಕರಾವಳಿಯಲ್ಲಿ ಆಗ ಎರಡು ಸರಕಿನ ಬಗ್ಗೆ ಚಿಂತೆ ಎದ್ದಿತು: ಗೇರುಬೀಜ ಮತ್ತು ಸಿಗಡಿ. ನವೆಂಬರ್ ಮಧ್ಯದಲ್ಲಿ ಅಮೆರಿಕವೇ ಕಾಫಿ, ಚಹಾ, ಸಾಂಬಾರ ಪದಾರ್ಥಗಳ ಜೊತೆಗೆ ಗೋಡಂಬಿಯನ್ನೂ ಆ ಸುಂಕದಿಂದ ಬಿಟ್ಟಿತು. ತಮ್ಮಲ್ಲಿ ಬೆಳೆಯದ ತಿನಿಸಿಗೆ ತಮ್ಮ ಜನರೇ ಜಾಸ್ತಿ ದುಡ್ಡು ಕೊಡಬೇಕಾಗುತ್ತದೆ ಅನ್ನುವುದು ಅವರಿಗೂ ಅರ್ಥವಾಗಿತ್ತು.

ಹಾಗಾದರೆ ಗೇರಿನ ಕಷ್ಟ ಮುಗಿಯಿತಾ? ಇಲ್ಲ. ಕಾರ್ಕಳ, ಹೆಬ್ರಿ, ಕುಂದಾಪುರ, ಮಂಗಳೂರಿನ ಸುತ್ತಮುತ್ತ ‘ಬೀಜದ ಫ್ಯಾಕ್ಟರಿ’ಗೆ ಹೋಗುವ ಹೆಂಗಸರ ದೂರು ಸುಂಕಕ್ಕಿಂತ ಹಳೆಯದು. ಕೆಲಸ ಒಂದು ವಾರ ಪೂರ್ತಿ ಇರುತ್ತದೆ, ಇನ್ನೊಂದು ವಾರ ಅರ್ಧ. ಅಮೆರಿಕ ಸುಂಕ ಏರಿಸಿದಾಗ ಅದು ಶುರುವಾಗಲಿಲ್ಲ, ಇಳಿಸಿದಾಗ ನಿಲ್ಲಲೂ ಇಲ್ಲ. ಪೆಟ್ಟು ಬೀಳುತ್ತಿರುವುದು ಬೇರೆ ಕಡೆಯಿಂದ. ಅದು ಎಲ್ಲಿಂದ ಬಂದು ಕೊನೆಗೆ ಯಾರ ಮೈಮೇಲೆ ಬೀಳುತ್ತಿದೆ ಅನ್ನುವುದನ್ನು ನಿಧಾನವಾಗಿ ನೋಡೋಣ.

ಸಿಗಡಿಯ ಮಾತು ಮೊದಲು ಮುಗಿಸಿಬಿಡೋಣ

ಭಾರತದ ಸಿಗಡಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆ, ಮತ್ತು ನವೆಂಬರ್‌ನ ರಿಯಾಯಿತಿ ಸಿಗಡಿಗೆ ಸಿಗಲಿಲ್ಲ. ಆದರೆ ಅಲ್ಲಿಗೆ ಹೋಗುವುದು ಬಹುಪಾಲು ಆಂಧ್ರದ ಕೆರೆಗಳಲ್ಲಿ ಸಾಕಿದ ವನ್ನಾಮಿ ಸಿಗಡಿ. ಸಮುದ್ರದಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ ಕೆಲವು ವರ್ಷಗಳಿಂದ ತೆಗೆದುಕೊಳ್ಳುತ್ತಿಲ್ಲ. ಆಮೆಗಳು ತಪ್ಪಿಸಿಕೊಳ್ಳುವ ಸಾಧನ ನಮ್ಮ ಬಲೆಗಳಲ್ಲಿಲ್ಲ ಅನ್ನುವುದು ಅದಕ್ಕೆ ಕಾರಣ. ಹೀಗಾಗಿ ಮಲ್ಪೆ, ಮಂಗಳೂರು ಬಂದರಿನ ಟ್ರಾಲ್ ಬೋಟಿನ ಸಿಗಡಿಗೆ ಈ ಸುಂಕದಿಂದ ನೇರ ಪೆಟ್ಟು ಕಮ್ಮಿಯೇ ಇತ್ತು. ಇಲ್ಲಿನ ಬೊಂಡಾಸ್ (ಸ್ಕ್ವಿಡ್), ಪಾಂಬೋಲ್ (ರಿಬ್ಬನ್ ಮೀನು), ಸುರಿಮಿಗೆ (ಅರೆದ ಮೀನಿನ ಮಾಂಸ) ಗಿರಾಕಿಗಳು ಚೀನಾ, ಯುರೋಪ್, ಆಗ್ನೇಯ ಏಷ್ಯಾದ ಕಡೆ ಇದ್ದಾರೆ. ಮೀನಿನ ಕಷ್ಟಗಳೇ ಬೇರೆ, ಅವನ್ನು ಇಲ್ಲಿ ಎಳೆದು ತರುವುದು ಬೇಡ.

ನಾಲ್ಕು ಕಿಲೋ ಬೀಜ, ಒಂದು ಕಿಲೋ ಗೋಡಂಬಿ

ಗೇರಿನ ವ್ಯಾಪಾರ ಅರ್ಥವಾಗಬೇಕಾದರೆ ‘ಔಟ್‌ಟರ್ನ್’ ಅನ್ನುವ ಮಾತು ಗೊತ್ತಿರಬೇಕು. 80 ಕಿಲೋ ಹಸಿಬೀಜದ ಚೀಲದಲ್ಲಿ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಅನ್ನುವುದೇ ಔಟ್‌ಟರ್ನ್. 48 ಔಟ್‌ಟರ್ನ್ ಅಂದರೆ ಒಂದು ಚೀಲಕ್ಕೆ 48 ಪೌಂಡ್, ಅಂದರೆ ಹತ್ತಿರ ಹತ್ತಿರ 21.8 ಕಿಲೋ. ಅಂದಾಜಿಗೆ ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ಗೋಡಂಬಿ.

ಉದಾಹರಣೆಗೆ, ಹಸಿಬೀಜ ಕಿಲೋಗೆ 120 ರೂಪಾಯಿ ಅಂತ ಇಟ್ಟುಕೊಳ್ಳಿ. ಚೀಲಕ್ಕೆ 9,600 ರೂಪಾಯಿ. 48 ಔಟ್‌ಟರ್ನ್ ಸಿಕ್ಕರೆ ಒಂದು ಕಿಲೋ ತಿರುಳಿಗೆ ಬೀಜದ ಖರ್ಚೇ 440 ರೂಪಾಯಿ. ಕೂಲಿ, ವಿದ್ಯುತ್, ಬಡ್ಡಿ, ಪ್ಯಾಕಿಂಗ್ ಆಮೇಲೆ. ಬೀಜದ ಬೆಲೆ ಬರೀ ಹತ್ತು ರೂಪಾಯಿ ಏರಿದರೆ ತಿರುಳಿನ ಖರ್ಚು 37 ರೂಪಾಯಿ ಏರುತ್ತದೆ. ಬೀಜ ಸ್ವಲ್ಪ ಜೊಳ್ಳಾಗಿ ಔಟ್‌ಟರ್ನ್ 46ಕ್ಕೆ ಇಳಿದರೆ ಇನ್ನೂ 20 ರೂಪಾಯಿ ಮೇಲೆ ಬೀಳುತ್ತದೆ.

ಬೀಜ ಬರುವ ಕಾಲವೂ ಚಿಕ್ಕದು. ನಮ್ಮ ಕಡೆ ಹೆಚ್ಚುಕಮ್ಮಿ ಮಾರ್ಚ್‌ನಿಂದ ಮೇ. ಪಶ್ಚಿಮ ಆಫ್ರಿಕಾದ ಹಂಗಾಮೂ ಅದರ ಆಸುಪಾಸಿನಲ್ಲೇ. ವರ್ಷಪೂರ್ತಿ ಫ್ಯಾಕ್ಟರಿ ಓಡಬೇಕಾದರೆ ಆ ಕೆಲವೇ ತಿಂಗಳಲ್ಲಿ ಬೀಜ ಕೊಂಡು ಗೋದಾಮು ತುಂಬಬೇಕು. ದುಡ್ಡು ಬ್ಯಾಂಕಿನದು. ಕೊಂಡ ಮೇಲೆ ತಿರುಳಿನ ಬೆಲೆ ಬಿದ್ದರೆ ಮಾಲೀಕನಿಗೆ ಎರಡೇ ದಾರಿ: ನಷ್ಟಕ್ಕೆ ಒಡೆಯುವುದು, ಇಲ್ಲವೇ ನಿಧಾನವಾಗಿ ಒಡೆಯುವುದು. ನಿಧಾನ ಅಂದರೆ ವಾರದಲ್ಲಿ ಕೆಲಸದ ದಿನ ಕಮ್ಮಿ. 2017ರ ಹೊತ್ತಿಗೆ ಆಫ್ರಿಕಾದ ಬೀಜ ಟನ್ನಿಗೆ 2,000 ಡಾಲರ್ ಸಮೀಪ ಹೋಗಿ, 2018ರಲ್ಲಿ ಧಡಕ್ಕನೆ ಬಿದ್ದಾಗ ದುಬಾರಿ ಬೀಜ ಗೋದಾಮಿನಲ್ಲಿ ಇಟ್ಟುಕೊಂಡಿದ್ದವರೆಲ್ಲ ಸಿಕ್ಕಿಬಿದ್ದರು.

ವಿಯೆಟ್ನಾಂ ನಮ್ಮನ್ನು ಹಿಂದೆ ಹಾಕಿದ್ದು ಹೇಗೆ?

ಮಂಗಳೂರಿನಲ್ಲಿ ಗೇರು ಸಂಸ್ಕರಣೆ ಉದ್ಯಮವಾಗಿ ಬೆಳೆದದ್ದು 1920ರ ದಶಕದಿಂದ. ಬೀಜ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿತ್ತು, ತಿರುಳು ಅಮೆರಿಕ, ಯುರೋಪಿಗೆ ಹೋಗುತ್ತಿತ್ತು. ನಡುವಿನ ಕೆಲಸ ಮಾತ್ರ ಇಲ್ಲಿಯದು. ಕಾರಣವೂ ಸರಳ. ಇಡೀ ತಿರುಳನ್ನು ಮುರಿಯದೆ ತೆಗೆಯುವ ಯಂತ್ರ ಆಗ ಇರಲಿಲ್ಲ. ಬೇಕಿದ್ದದ್ದು ಚುರುಕು ಕೈ ಮತ್ತು ಕಡಿಮೆ ಕೂಲಿ.

ಆ ಕೆಲಸ ಹೇಗಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಗೇರುಬೀಜದ ಹೊರಸಿಪ್ಪೆಯಲ್ಲಿ ಒಂದು ಎಣ್ಣೆ ಇದೆ, ಕಪ್ಪಗೆ, ಸುಡುವಂಥದ್ದು. ಕೈಗೆ ತಾಗಿದರೆ ಚರ್ಮ ಸುಲಿದು ಬರುತ್ತದೆ. ಕಟ್ಟಿಂಗ್‌ಗೆ, ಅಂದರೆ ಬೀಜ ಒಡೆಯುವುದಕ್ಕೆ, ಕೂತವರು ಅದಕ್ಕೇ ಬೆರಳಿಗೆ ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಳ್ಳುತ್ತಿದ್ದರು. ಒಡೆದ ತಿರುಳನ್ನು ಬೋರ್ಮಾ ಅನ್ನುವ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ಪೀಲಿಂಗ್ ಕೋಣೆಯಲ್ಲಿ ಒಳಗಿನ ಕೆಂಪು ಸಿಪ್ಪೆ ತೆಗೆಯುತ್ತಿದ್ದರು. ಆಮೇಲೆ ಗ್ರೇಡಿಂಗ್. ಡಬ್ಲ್ಯೂ 180, 240, 320 ಅಂದರೆ ಒಂದು ಪೌಂಡಿಗೆ ಸುಮಾರು ಅಷ್ಟು ಇಡೀ ತಿರುಳು. ಮುರಿದರೆ ಬೆಲೆ ಇಳಿಯಿತು. ಕೂಲಿ ಬಹುಪಾಲು ಕಿಲೋ ಲೆಕ್ಕದ್ದು.

ವಿಯೆಟ್ನಾಂ ಇದೇ ಕೆಲಸವನ್ನು ಯಂತ್ರಕ್ಕೆ ಕೊಟ್ಟಿತು. ಒಡೆಯುವುದಕ್ಕೆ, ಸಿಪ್ಪೆ ತೆಗೆಯುವುದಕ್ಕೆ, ಬಣ್ಣ ನೋಡಿ ಬೇರ್ಪಡಿಸುವುದಕ್ಕೆ ಒಂದೊಂದು ಯಂತ್ರ. ಒಡೆಯುವ ಮತ್ತು ಸುಲಿಯುವ ಯಂತ್ರಗಳನ್ನು ತಾನೇ ತಯಾರಿಸಿ ಮಾರಿತು. ನಮ್ಮ ಫ್ಯಾಕ್ಟರಿಗಳೂ ಕೊಂಡವು. 2006ರಲ್ಲಿ ತಿರುಳಿನ ರಫ್ತಿನಲ್ಲಿ ಭಾರತವನ್ನು ದಾಟಿದ ವಿಯೆಟ್ನಾಂ ಮತ್ತೆ ಹಿಂದೆ ಬಿದ್ದಿಲ್ಲ. 2024ರಲ್ಲಿ ಅದರ ರಫ್ತು 7 ಲಕ್ಷ ಟನ್ ದಾಟಿತು. ಭಾರತ 2011-12ರಲ್ಲಿ ಕಳಿಸಿದ್ದು ಸುಮಾರು 1.3 ಲಕ್ಷ ಟನ್. ಈಚಿನ ವರ್ಷಗಳಲ್ಲಿ ಅದರ ಅರ್ಧ ಉಳಿಸಿಕೊಳ್ಳುವುದೇ ಕಷ್ಟವಾಗಿದೆ.

ಆದರೂ ನಮ್ಮ ಫ್ಯಾಕ್ಟರಿಗಳು ಪೂರ್ತಿ ಮುಚ್ಚಲಿಲ್ಲವಲ್ಲ? ಮುಚ್ಚಲಿಲ್ಲ, ಯಾಕೆಂದರೆ ಇಲ್ಲಿ ಒಡೆದ ಗೋಡಂಬಿಯನ್ನು ಈಗ ನಾವೇ ತಿನ್ನುತ್ತಿದ್ದೇವೆ. ಜಗತ್ತಿನಲ್ಲಿ ಅತಿ ಹೆಚ್ಚು ಗೋಡಂಬಿ ಖರ್ಚಾಗುವ ದೇಶ ನಮ್ಮದು. ಅಮೆರಿಕದ ಸುಂಕ ಕರಾವಳಿಯನ್ನು ಅಂದುಕೊಂಡಷ್ಟು ಅಲುಗಾಡಿಸದೆ ಇದ್ದದ್ದಕ್ಕೂ ಇದೇ ಕಾರಣ. ಕಾರ್ಕಳದ ತಿರುಳಿನ ಬೆಲೆಯನ್ನು ಈಗ ನ್ಯೂಯಾರ್ಕ್‌ಗಿಂತ ಜಾಸ್ತಿ ನಿರ್ಧರಿಸುವುದು ದೀಪಾವಳಿ ಮತ್ತು ದೆಹಲಿ, ಮುಂಬೈಯ ಸಗಟು ಪೇಟೆ.

ಬೀಜ ಇದ್ದವರು ‘ನಾವೇ ಒಡೆಯುತ್ತೇವೆ’ ಅಂದರೆ?

ನಮ್ಮಲ್ಲಿ ಬೆಳೆಯುವ ಬೀಜ ನಮ್ಮ ಫ್ಯಾಕ್ಟರಿಗಳಿಗೆ ಸಾಲುವುದಿಲ್ಲ. ಅಷ್ಟೇ ಪ್ರಮಾಣ, ಕೆಲವು ವರ್ಷ ಅದಕ್ಕಿಂತ ಜಾಸ್ತಿ, ಹೊರಗಿನಿಂದ ಬರಬೇಕು. ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ-ಬಿಸ್ಸಾವ್, ತಾಂಜಾನಿಯಾ, ಮೊಜಾಂಬಿಕ್ ನಮ್ಮ ಮೂಲಗಳು. ಈ ದೇಶಗಳೆಲ್ಲ ಈಗ ಒಂದೇ ಮಾತು ಹೇಳುತ್ತಿವೆ: ಬೀಜ ಮಾರಿ ಎಷ್ಟು ದಿನ ಬದುಕುವುದು, ಫ್ಯಾಕ್ಟರಿ ನಮ್ಮಲ್ಲೇ ಇರಲಿ.

ಜಗತ್ತಿನಲ್ಲೇ ಜಾಸ್ತಿ ಬೀಜ ಬೆಳೆಯುವ ಐವರಿ ಕೋಸ್ಟ್ ತನ್ನ ಸಂಸ್ಕರಣಾ ಘಟಕಗಳಿಗೆ ಮೊದಲ ಅವಕಾಶ ಸಿಗಲಿ ಅಂತ ಹಂಗಾಮಿನ ಶುರುವಿನಲ್ಲಿ ರಫ್ತು ನಿಲ್ಲಿಸಿದ್ದಿದೆ. 2024ರ ಏಪ್ರಿಲ್‌ನಿಂದ ಹಸಿಬೀಜದ ರಫ್ತೇ ಬೇಡ ಅಂತ ಬೆನಿನ್ ಘೋಷಿಸಿತು. ಅಲ್ಲೂ ದೊಡ್ಡ ಫ್ಯಾಕ್ಟರಿಗಳು ಏಳುತ್ತಿವೆ, ಅಲ್ಲೂ ಸಿಪ್ಪೆ ಸುಲಿಯಲು ಕೂರುವವರು ಹೆಂಗಸರೇ.

ಇದನ್ನು ಅನ್ಯಾಯ ಅನ್ನುವ ಮೊದಲು ಮೊಜಾಂಬಿಕ್‌ನಲ್ಲಿ ನಡೆದದ್ದು ನೆನಪಿರಲಿ. ಒಂದು ಕಾಲಕ್ಕೆ ಗೇರಿನಲ್ಲಿ ಜಗತ್ತಿಗೇ ಮೊದಲಾಗಿದ್ದ ದೇಶ ಅದು. ಸಾಲ ಕೊಡುವಾಗ ವಿಶ್ವ ಬ್ಯಾಂಕ್ 1990ರ ದಶಕದ ಮಧ್ಯದಲ್ಲಿ ಹಸಿಬೀಜದ ರಫ್ತು ತೆರಿಗೆ ಇಳಿಸುವಂತೆ ಒತ್ತಾಯಿಸಿತು. ರೈತರಿಗೆ ಒಳ್ಳೆ ಬೆಲೆ ಸಿಗುತ್ತದೆ ಅನ್ನುವ ಲೆಕ್ಕ. ತೆರಿಗೆ ಇಳಿಯಿತು, ಬೀಜ ಭಾರತಕ್ಕೆ ಹರಿಯಿತು. ಅಲ್ಲಿನ ಫ್ಯಾಕ್ಟರಿಗಳು ಮುಚ್ಚಿದವು, ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ರೈತರಿಗೆ ಸಿಕ್ಕ ಲಾಭವೂ ಅಂದುಕೊಂಡಷ್ಟಿರಲಿಲ್ಲ ಅಂತ ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಆ ಬೀಜ ಒಡೆದು ಕೂಲಿ ಪಡೆದದ್ದು ಕೇರಳದ ಕೊಲ್ಲಂ, ನಮ್ಮ ಮಂಗಳೂರಿನಂಥ ಊರುಗಳು. ಈಗ ಗಾಳಿ ತಿರುಗಿದೆ.

ನಮ್ಮ ದೇಶದೊಳಗೂ ಇದೇ ನಡೆದಿದೆ. ಕೊಲ್ಲಂನಲ್ಲಿ ನೂರಾರು ಫ್ಯಾಕ್ಟರಿಗಳು ಬಾಗಿಲು ಹಾಕಿದವು. ಕೂಲಿ ಕಮ್ಮಿ ಇದ್ದ, ಯಂತ್ರ ಬೇಗ ಹಾಕಿದ ಕಡೆಗಳಿಗೆ ಆ ಕೆಲಸ ಹೋಯಿತು. ಅದರಲ್ಲಿ ಒಂದು ಪಾಲು ಕರಾವಳಿ ಕರ್ನಾಟಕಕ್ಕೂ ಬಂತು.

ಸುಂಕದ ಹಗ್ಗಜಗ್ಗಾಟ

ದೆಹಲಿಯ ಮುಂದೆ ಇಡುವ ಬೇಡಿಕೆಗಳಲ್ಲೇ ಜಗಳ ಇದೆ. ಫ್ಯಾಕ್ಟರಿ ಮಾಲೀಕರಿಗೆ ಹೊರಗಿನ ಬೀಜ ಸುಂಕವಿಲ್ಲದೆ ಬರಬೇಕು, ಹೊರಗಿನ ತಿರುಳು ಬರಲೇಬಾರದು. 2016ರ ಬಜೆಟ್‌ನಲ್ಲಿ ಹಸಿಬೀಜಕ್ಕೆ ಶೇ. 5 ಸುಂಕ ಬಂತು, ಗದ್ದಲವಾದ ಮೇಲೆ 2018ರಲ್ಲಿ ಶೇ. 2.5ಕ್ಕೆ ಇಳಿಯಿತು. ಮೇಲಿನ ಲೆಕ್ಕದ ಪ್ರಕಾರ 2.5 ಅಂದರೂ ಒಂದು ಕಿಲೋ ತಿರುಳಿಗೆ ಹನ್ನೊಂದು ರೂಪಾಯಿ. ತಿರುಳಿನ ವಿಷಯದಲ್ಲಿ ಸರ್ಕಾರ ಅವರ ಮಾತು ಕೇಳಿತು. 2019ರಲ್ಲಿ ಆಮದು ಸುಂಕ ಶೇ. 45ರಿಂದ 70ಕ್ಕೆ ಏರಿತು. ತುಂಡಿಗೆ ಕಿಲೋಗೆ 680, ಇಡೀ ತಿರುಳಿಗೆ 720 ರೂಪಾಯಿಗಿಂತ ಕಮ್ಮಿ ಬೆಲೆಗೆ ತರುವಂತಿಲ್ಲ ಅನ್ನುವ ನಿಯಮವೂ ಬಂತು. ಗೋಡೆ ಎತ್ತರವಾದ ಕೂಡಲೇ ಸಂದಿ ಹುಡುಕುವವರೂ ಹುಟ್ಟಿಕೊಂಡರು. ಹುರಿದ ಗೋಡಂಬಿ ಅಂತಲೋ ಪಶು ಆಹಾರ ಅಂತಲೋ ಕಾಗದದಲ್ಲಿ ತೋರಿಸಿ ತಿರುಳು ತರುವುದು ಆ ದಂಧೆ.

ಬೆಳೆಗಾರರ ಮಾತು ಇದಕ್ಕೆ ಪೂರ್ತಿ ಉಲ್ಟಾ. ಪುತ್ತೂರು, ಬೆಳ್ತಂಗಡಿ, ಬೈಂದೂರಿನ ಗುಡ್ಡದಲ್ಲಿ ಬೀಜ ಹೆಕ್ಕುವವರಿಗೆ ಆಫ್ರಿಕಾದ ಬೀಜ ಅಗ್ಗವಾಗಿ ಬಂದಿಳಿದ ವರ್ಷ ಕಿಲೋ ಬೆಲೆ ಬೀಳುತ್ತದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಒಳ್ಳೆ ಇಳುವರಿಯ ತಳಿ ಕೊಟ್ಟರೂ, ರಬ್ಬರ್, ಅಡಿಕೆ ಬಿಟ್ಟು ಗೇರು ನೆಡುವುದಕ್ಕೆ ಬೆಲೆಯ ಧೈರ್ಯ ಬೇಕಲ್ವಾ? ಫ್ಯಾಕ್ಟರಿಯ ಅಗ್ಗದ ಬೀಜ ಅಂದರೆ ರೈತನ ಕಡಿಮೆ ಆದಾಯ. ಎಷ್ಟೋ ಮನೆಗಳಲ್ಲಿ ಅಪ್ಪ ಬೀಜ ಮಾರುತ್ತಾನೆ, ಮಗಳು ಬೀಜ ಸುಲಿಯುತ್ತಾಳೆ. ಒಂದೇ ಸುಂಕ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ.

ಈ ಹಗ್ಗಜಗ್ಗಾಟದಲ್ಲಿ ಕೂಲಿಯವರ ಪರವಾಗಿ ಎಲ್ಲರೂ ಮಾತಾಡುತ್ತಾರೆ. ಬೇಡಿಕೆಯ ಪಟ್ಟಿಯಲ್ಲಿ ‘ಲಕ್ಷಾಂತರ ಮಹಿಳೆಯರ ಉದ್ಯೋಗ’ ಮೊದಲ ಸಾಲಿನಲ್ಲೇ ಇರುತ್ತದೆ. ಆದರೆ ಸುಂಕ ಇಳಿದರೆ ಇಷ್ಟು ದಿನ ಕೆಲಸ ಕೊಡುತ್ತೇವೆ ಅನ್ನುವ ಮಾತು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಕೆಲಸ ಹೋಗಿಲ್ಲ, ದಿನ ಹೋಗಿವೆ

ವಿದೇಶಿ ಪೈಪೋಟಿಯಿಂದ ಕೆಲಸ ಹೋಗುತ್ತದೆ ಅಂದಾಗ ಫ್ಯಾಕ್ಟರಿ ಗೇಟಿಗೆ ಬೀಗ ಬೀಳುವ ಚಿತ್ರ ಕಣ್ಣಿಗೆ ಬರುತ್ತದೆ. ಗೇರಿನಲ್ಲಿ ಬಹಳಷ್ಟು ಸಲ ಹಾಗಾಗುವುದಿಲ್ಲ. ‘ನಾಳೆ ಬೀಜ ಇಲ್ಲ, ನಾಡಿದ್ದು ಬನ್ನಿ’ ಅನ್ನುವುದೇ ಇಲ್ಲಿನ ಬೀಗ.

ಸರ್ಕಾರದ ಅಂಕಿಸಂಖ್ಯೆಯಲ್ಲಿ ಇದು ಕಾಣುವುದಿಲ್ಲ. ದೇಶದ ಉದ್ಯೋಗ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಆ ವಾರ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ಆರು ದಿನದ ಕೆಲಸ ಮೂರಕ್ಕೆ ಇಳಿದರೂ ಆಕೆ ನಿರುದ್ಯೋಗಿ ಅಲ್ಲ.

ಆದರೆ ಕಾನೂನಿನ ಸವಲತ್ತುಗಳು ದಿನದ ಲೆಕ್ಕದ ಮೇಲೆ ನಿಂತಿವೆ. ಕಾರ್ಮಿಕರ ವಿಮೆಯಾದ ಇಎಸ್‌ಐನಲ್ಲಿ ಕಾಯಿಲೆ ರಜೆಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ವಾರಕ್ಕೆ ಮೂರು ದಿನ ಕೆಲಸವಿದ್ದರೆ 26 ವಾರಕ್ಕೆ ಸರಿಯಾಗಿ 78. ಒಂದು ವಾರ ಎರಡೇ ದಿನ ಆಯಿತೋ, ಸಂಬಳದಲ್ಲಿ ವಂತಿಗೆ ಕತ್ತರಿಸಿದ್ದೂ ದಂಡ, ಭತ್ಯೆ ಇಲ್ಲ. ಗ್ರಾಚ್ಯುಟಿಗೆ ವರ್ಷಕ್ಕೆ 240 ದಿನ ಬೇಕು, ಅಂದರೆ ವಾರಕ್ಕೆ ನಾಲ್ಕೂವರೆ ದಿನಕ್ಕಿಂತ ಜಾಸ್ತಿ. ಕೆಲಸ ಕೊಡಲಾಗದ ದಿನವನ್ನು ಲೇಆಫ್ ಅಂತ ತೋರಿಸಿದರೆ, 50 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅರ್ಧ ಸಂಬಳ ಕೊಡಬೇಕು. ಬಾಯಿಮಾತಿನಲ್ಲಿ ‘ನಾಡಿದ್ದು ಬನ್ನಿ’ ಅಂದರೆ ಅದು ಹಾಜರಿ ಪುಸ್ತಕದಲ್ಲಿ ಬರೀ ಗೈರು. ಐವರಿ ಕೋಸ್ಟ್‌ನಲ್ಲಿ ಬೀಜ ತಡವಾದದ್ದಕ್ಕೂ ಹೆಬ್ರಿಯ ಒಬ್ಬ ಹೆಂಗಸಿಗೆ ಕಾಯಿಲೆ ಭತ್ಯೆ ತಪ್ಪಿದ್ದಕ್ಕೂ ಸಂಬಂಧ ಇರುವುದು ಹೀಗೆ.

ಬೇರೆ ಕೆಲಸಕ್ಕೆ ಹೋಗಬಹುದಲ್ಲ?

ಪುಸ್ತಕದ ಅರ್ಥಶಾಸ್ತ್ರ ಹೇಳುವುದು ಅದನ್ನೇ. ಒಂದು ಉದ್ಯಮ ಸೋತರೆ ಜನ ಇನ್ನೊಂದಕ್ಕೆ ಹೋಗುತ್ತಾರೆ, ಒಟ್ಟಿನಲ್ಲಿ ದೇಶಕ್ಕೆ ಲಾಭ. ದೇಶದ ಮಟ್ಟಿಗೆ ಅದು ಸುಳ್ಳೇನಲ್ಲ. ಆದರೆ ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ತೋರಿಸಿದ್ದು ಬೇರೆ. ಚೀನಾದ ಸರಕಿನ ಪೈಪೋಟಿ ಎದುರಿಸಿದ ಅಮೆರಿಕದ ಊರುಗಳಲ್ಲಿ ಜನ ಬೇರೆ ಕಡೆ ಹೋಗಲಿಲ್ಲ. ಅಲ್ಲೇ ಉಳಿದರು, ಕೆಲಸ ಮತ್ತು ಕೂಲಿ ಎರಡೂ ಕುಗ್ಗಿತು. ನಮ್ಮಲ್ಲಿ 1991ರ ನಂತರದ ಸುಂಕ ಕಡಿತವನ್ನು ಅಧ್ಯಯನ ಮಾಡಿದ ಪೆಟಿಯಾ ಟೊಪಲೋವಾ ಕಂಡದ್ದೂ ಇಂಥದ್ದೇ. ಪೈಪೋಟಿಗೆ ಜಾಸ್ತಿ ಒಡ್ಡಿಕೊಂಡ ಜಿಲ್ಲೆಗಳ ಹಳ್ಳಿಗಳಲ್ಲಿ ಬಡತನ ಇಳಿದದ್ದು ಉಳಿದ ಕಡೆಗಿಂತ ನಿಧಾನ.

ಕರಾವಳಿಯಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಂಗಳೂರು, ಮಣಿಪಾಲದಲ್ಲಿ ಆಸ್ಪತ್ರೆ, ಕಾಲೇಜು, ಐಟಿ, ಹೋಟೆಲ್ ಬೆಳೆಯುತ್ತಿವೆ, ನಿಜ. ಆದರೆ ಬೀಜದ ಫ್ಯಾಕ್ಟರಿಗೆ ಹೋಗುವ ಐವತ್ತರ ಆಸುಪಾಸಿನ ಹೆಂಗಸು ಕೆಲಸ ಹುಡುಕುವುದು ಮನೆಯಿಂದ ಒಂದು ಬಸ್ಸಿನ ದೂರದೊಳಗೆ. ಮನೆಯಲ್ಲಿ ಅತ್ತೆ, ದನ, ಅಡುಗೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು. ಆದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ದೂರದ ಕೆಲಸದ ಸಂಬಳದಲ್ಲಿ ಬಸ್ ಚಾರ್ಜ್ ಕಳೆದರೆ ಉಳಿಯುವುದೆಷ್ಟು? ಹಿಂದೆ ಕೈಹಿಡಿಯುತ್ತಿದ್ದ ಇನ್ನೊಂದು ಕೆಲಸ ಬೀಡಿ. ಅದೂ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ.

ಇಲ್ಲೇ ಒಂದು ಗೊಂದಲವೂ ಇದೆ. ಮಾಲೀಕರು ‘ಕೆಲಸಕ್ಕೆ ಜನ ಸಿಗುತ್ತಿಲ್ಲ’ ಅನ್ನುತ್ತಾರೆ. ಹೆಂಗಸರು ‘ಕೆಲಸ ಸರಿಯಾಗಿ ಸಿಗುತ್ತಿಲ್ಲ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೀಜ ಬಂದ ತಿಂಗಳಲ್ಲಿ ಕೈ ಸಾಲುವುದಿಲ್ಲ, ಬರದ ತಿಂಗಳಲ್ಲಿ ಕೆಲಸ ಸಾಲುವುದಿಲ್ಲ. ನಂಬಿಕೆಯಿಲ್ಲದ ಕೆಲಸಕ್ಕೆ ಹೊಸ ತಲೆಮಾರು ಬರುವುದಿಲ್ಲ. ಅವರು ಬರುವುದಿಲ್ಲ ಅಂತ ಮಾಲೀಕ ಯಂತ್ರ ಹಾಕುತ್ತಾನೆ, ಅಥವಾ ಅಸ್ಸಾಂ, ಜಾರ್ಖಂಡ್ ಕಡೆಯವರನ್ನು ಕರೆಸಿ ಶೆಡ್ಡಿನಲ್ಲಿ ಇರಿಸುತ್ತಾನೆ. ಆಮೇಲೆ ಊರಿನವರಿಗೆ ಸಿಗುವ ದಿನ ಇನ್ನೂ ಕಮ್ಮಿ.

ಮುಂದೆ ಏನಾಗಬಹುದು?

ಆಫ್ರಿಕಾದ ದೇಶಗಳು ಹಿಂದೆ ಸರಿಯುವ ಲಕ್ಷಣ ಇಲ್ಲ. ಹಾಗಾಗಿ ಹಸಿಬೀಜ ದುಬಾರಿಯಾಗಿಯೇ ಇರುತ್ತದೆ, ಬೆಲೆ ಏರುಪೇರಾಗುತ್ತಲೂ ಇರುತ್ತದೆ. ಗೋದಾಮು ತುಂಬುವಷ್ಟು ಸಾಲ ಎತ್ತಬಲ್ಲ ದೊಡ್ಡವರು ಉಳಿಯುತ್ತಾರೆ. ಸಣ್ಣ ಘಟಕಗಳು ಅವರಿಗೆ ಜಾಬ್ ವರ್ಕ್ ಮಾಡಿಕೊಡುವ ಮಟ್ಟಕ್ಕೆ ಇಳಿಯುತ್ತವೆ. ಕಟ್ಟಿಂಗ್ ಆಗಲೇ ಯಂತ್ರದ ಪಾಲಾಗಿದೆ, ಪೀಲಿಂಗ್ ಹೋಗುತ್ತಿದೆ, ಗ್ರೇಡಿಂಗ್‌ಗೆ ಬಣ್ಣ ಗುರುತಿಸುವ ಕ್ಯಾಮೆರಾ ಬಂದಿದೆ. ಯಂತ್ರ ಬಿಟ್ಟದ್ದನ್ನು ಚಾಕುವಿನಿಂದ ಕೆರೆಯುವ ಕೆಲಸ ಮಾತ್ರ ಹೆಂಗಸರಿಗೆ ಉಳಿಯಬಹುದು.

ಯಂತ್ರ ಬೇಡ ಅನ್ನುವುದರಲ್ಲಿ ಅರ್ಥವಿಲ್ಲ. ಯಂತ್ರ ಹಾಕದ ಕೊಲ್ಲಂ ಕಣ್ಣೆದುರಿಗಿದೆ. ಕೈಸುಡುವ ಕಟ್ಟಿಂಗ್ ಹೋದದ್ದಕ್ಕೆ ಯಾರೂ ಅಳಬೇಕಾಗಿಯೂ ಇಲ್ಲ. ಆದರೆ ಸುಂಕದ ರಿಯಾಯಿತಿ, ಬಡ್ಡಿ ಸಹಾಯ, ಯಂತ್ರಕ್ಕೆ ಸಬ್ಸಿಡಿ ಕೇಳುವಾಗ ಉದ್ಯಮ ತೋರಿಸುವುದು ಈ ಹೆಂಗಸರನ್ನೇ. ಹಾಗಿದ್ದರೆ ಸರ್ಕಾರ ಕೊಡುವಾಗ ಎಷ್ಟು ಜನ ಅಂತ ಕೇಳಿದರೆ ಸಾಲದು, ತಲಾ ಎಷ್ಟು ದಿನ ಅಂತ ಕೇಳಬೇಕು. ಲೆಕ್ಕ ಹೊಸದಾಗಿ ಮಾಡಬೇಕಿಲ್ಲ. ಯಾರಿಗೆ ಯಾವ ತಿಂಗಳು ಎಷ್ಟು ದಿನದ ಸಂಬಳ ಆಯಿತು ಅನ್ನುವುದು ಫ್ಯಾಕ್ಟರಿಗಳು ಇಎಸ್‌ಐಗೆ ತಿಂಗಳು ತಿಂಗಳು ತುಂಬುವ ವಂತಿಗೆ ಪಟ್ಟಿಯಲ್ಲೇ ಇದೆ. ಸಬ್ಸಿಡಿಯ ಅರ್ಜಿಗೆ ಆ ಪಟ್ಟಿಯನ್ನೂ ಲಗತ್ತಿಸಿ ಅನ್ನುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.